ಟೈಮ್ ಟೇಬಲ್ ಹಾಕೋದೇ ಒಂದು ಹವ್ಯಾಸ ಆಗ್ಬಿಟ್ಟಿದೆ, ಗುರಿ ಮಾತ್ರ ಇದ್ದಲ್ಲೇ ಇದೆ. ಏನ್ ಮಾಡ್ಲಿ?

ಅರ್ಧಓದಿದಪುಟ:

ಎಲ್ಲರಿಗೂ ನಮಸ್ಕಾರ. ನಂದು ಲೆಕ್ಕಪತ್ರದ ಕೆಲ್ಸ, ಬೆಳಗ್ಗೆ ಹೋದ್ರೆ ಸಂಜೆ ಬರೋದು, ತಿಂಗಳ ಕೊನೇಲಿ ಮಾತ್ರ ಎಷ್ಟೊತ್ತಾಗುತ್ತೋ ಗೊತ್ತಿಲ್ಲ. ಈ ವರ್ಷ ಮೂರು ವಿಷ್ಯ ಆಗ್ಲೇಬೇಕು ಅಂತ ಮನಸಲ್ಲಿದೆ. ಒಂದು ಡೇಟಾ ಅನಾಲಿಸಿಸ್ ಕೋರ್ಸ್ ಪೂರ್ತಿ ಮುಗಿಸಿ ಪರೀಕ್ಷೆ ಬರೆಯೋದು, ಇನ್ನೊಂದು ಮತ್ತೆ ಓಡೋಕೆ ಶುರು ಮಾಡೋದು (ಕಾಲೇಜಲ್ಲಿ ಓಡ್ತಿದ್ದೆ), ಮೂರನೇದು ಸಣ್ಣ ಸಣ್ಣ ಕತೆ ಬರೆಯೋದು.

ಸಮಸ್ಯೆ ಏನಂದ್ರೆ ಭಾನುವಾರ ಕೂತ್ಕೊಂಡು ಅರ್ಧರ್ಧ ಗಂಟೆಗೆ ಬಣ್ಣ ಹಚ್ಚಿ ಚೆನ್ನಾಗಿ ಟೈಮ್ ಟೇಬಲ್ ಮಾಡ್ತೀನಿ, ಮೊದಲ್ನೇ ವಾರ ಹೊಸದ್ರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನೋ ಹಾಗೆ ಎಲ್ಲಾ ಜೋರಾಗಿ ನಡೆಯುತ್ತೆ, ಆಮೇಲೆ ಯಾವ್ದೋ ಒಂದಿನ ಆಫೀಸಲ್ಲಿ ತಡ ಆಗುತ್ತೆ, ಅವತ್ತಿನ ಎಲ್ಲಾ ಖಾನೆ ಖಾಲಿ, ಮಾರನೇ ದಿನ ಅದನ್ನ ನೋಡೋಕೇ ಬೇಜಾರು, ಹಾಗೇ ಹೋಗಿ ಹೋಗಿ ಮುಂದಿನ ತಿಂಗಳು ಹೊಸ ಟೈಮ್ ಟೇಬಲ್!

ಎಲ್ಲಿ ಕೇಳಿದ್ರೂ "ಮೊದಲು ನಿನ್ನನ್ನ ನೀನು ತಿಳ್ಕೋ, ಆಮೇಲೆ ಗುರಿ ಇಟ್ಕೋ" ಅಂತಾರೆ. ಸರಿ ಅಂತ ಒಂದು ನೋಟ್‌ಬುಕ್ ಇಟ್ಕೊಂಡು ಕೂತೆ, ನನ್ನ ಮೌಲ್ಯಗಳೇನು, ನನ್ನ ಬಲ ಏನು, ದೌರ್ಬಲ್ಯ ಏನು ಅಂತ. ಬರೆದಿದ್ದು: ಪ್ರಾಮಾಣಿಕತೆ, ಕುಟುಂಬ, ಬೆಳವಣಿಗೆ. ಇದನ್ನ ಯಾರ ನೋಟ್‌ಬುಕ್‌ಗೆ ಅಂಟಿಸಿದ್ರೂ ನಡೆಯುತ್ತೆ ಅಲ್ವಾ? ಇದ್ರಿಂದ ನಾಳೆ ಸಂಜೆ ಆರೂವರೆಗೆ ನಾನೇನು ಮಾಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?

ಹಾಗಾಗಿ ನನ್ನ ಪ್ರಶ್ನೆ, ತನ್ನನ್ನ ತಾನು ತಿಳ್ಕೊಳ್ಳೋದು ಅಂದ್ರೆ ಕೈಯಲ್ಲಿ ಮಾಡೋ ಕೆಲ್ಸವಾಗಿ ಏನು? ದಿನದ ಪ್ಲ್ಯಾನ್ ಬಿಗಿಯಾಗಿರ್ಬೇಕಾ ಸಡಿಲಾನಾ? ಮೂರೂ ಒಟ್ಟಿಗೆ ಆಗುತ್ತಾ? ಮೋಟಿವೇಶನ್ ವಿಡಿಯೋ ಮಾತ್ರ ಕಳಿಸ್ಬೇಡಿ ದಯವಿಟ್ಟು, ಅದನ್ನ ನೋಡೋದಕ್ಕೂ ನನ್ನ ಟೈಮ್ ಟೇಬಲಲ್ಲಿ ಒಂದು ಖಾನೆ ಇತ್ತು.

ಐದುಗಂಟೆಅಲಾರಂ:

ಗುರು, ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ. ಬೆಳಗ್ಗೆ ಐದಕ್ಕೆ ಏಳಿ. 21 ದಿನ ಹಲ್ಲು ಕಚ್ಚಿ ಹಿಡಿದ್ರೆ ಅಭ್ಯಾಸ ಆಗೋಗುತ್ತೆ, ಆಮೇಲೆ ಅದೇ ಎಳ್ಕೊಂಡ್ ಹೋಗುತ್ತೆ. ಗುರಿನ ಪೇಪರ್ ಮೇಲೆ ಬರೆದು ಕನ್ನಡಿ ಪಕ್ಕ ಅಂಟಿಸಿ. ಯೇಲ್ ಯೂನಿವರ್ಸಿಟೀಲಿ 1953ರಲ್ಲಿ ಪಾಸಾದವ್ರಲ್ಲಿ ಗುರಿ ಬರೆದಿಟ್ಟಿದ್ದ 3% ಜನ ಇಪ್ಪತ್ತು ವರ್ಷ ಆದ್ಮೇಲೆ ಉಳಿದ 97% ಜನರಿಗಿಂತ ಜಾಸ್ತಿ ಆಸ್ತಿ ಮಾಡಿದ್ರಂತೆ. ಬರೆಯೋದ್ರಲ್ಲಿ ಅಷ್ಟು ಶಕ್ತಿ ಇದೆ.

ಹಳೇಗಡಿಯಾರ:

ಆ ಯೇಲ್ ಕತೆ ಬಿಟ್ಬಿಡಿ ಸರ್, ಅಂಥ ಅಧ್ಯಯನ ನಡೆದೇ ಇಲ್ಲ. ಭಾಷಣ ಮಾಡೋರು ಒಬ್ಬರಿಂದ ಒಬ್ಬರು ಕೇಳಿ ಹೇಳಿ ಹೇಳಿ ಅದು ಸತ್ಯ ಆಗ್ಬಿಟ್ಟಿದೆ, ಕೆಲವರು ಅದೇ ಕತೇನ ಹಾರ್ವರ್ಡ್ ಅಂತಾನೂ ಹೇಳ್ತಾರೆ. ಬರೆದಿಡೋದು ಒಳ್ಳೇದೇ, ಆದ್ರೆ ಏನನ್ನ ಬರೀಬೇಕು ಅನ್ನೋದ್ರಲ್ಲಿ ಎಲ್ಲಾ ಇರೋದು.

ಅರ್ಧಓದಿದಪುಟ ಅವ್ರೇ, ನೋಟ್‌ಬುಕ್ ಇಟ್ಕೊಂಡು ಕೂತ್ರೆ ಏನೂ ಹೊಳೀಲಿಲ್ಲ ಅಂದ್ರಲ್ಲ, ಅದ್ರಲ್ಲಿ ನಿಮ್ದೇನೂ ತಪ್ಪಿಲ್ಲ, ನಮ್ಮ ಬಗ್ಗೆ ನಾವೇ ಒಳಗಿಂದ ಕೇಳ್ಕೊಂಡ್ರೆ ಸಿಗೋ ಉತ್ತರ ಅಷ್ಟೇನೂ ನಂಬೋ ಹಾಗಿರಲ್ಲ. ನಿಸ್ಬೆಟ್ ಮತ್ತೆ ವಿಲ್ಸನ್ ಅಂತ ಇಬ್ರು ಮನಃಶಾಸ್ತ್ರಜ್ಞರು 1977ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ರು. ಅಂಗಡೀಲಿ ಒಂದು ಟೇಬಲ್ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಇಟ್ಟು ಇದ್ರಲ್ಲಿ ಯಾವ್ದು ಚೆನ್ನಾಗಿದೆ ಅಂತ ಬಂದವರನ್ನ ಕೇಳಿದ್ರು. ನಾಲ್ಕೂ ಒಂದೇ, ಒಂದು ನೂಲಿನ ವ್ಯತ್ಯಾಸಾನೂ ಇಲ್ಲ. ಜನ ಹೆಚ್ಚಾಗಿ ಬಲಗಡೆ ತುದೀಲಿ ಇದ್ದಿದ್ದನ್ನೇ ಆರಿಸಿದ್ರು. ಯಾಕೆ ಅಂದ್ರೆ ನೇಯ್ಗೆ ಚೆನ್ನಾಗಿದೆ ಅನ್ನೋ ಥರ ಕಾರಣ ಕೊಟ್ರು. ಬಲಗಡೆ ಇತ್ತು ಅದಕ್ಕೆ ತಗೊಂಡೆ ಅಂತ ಒಬ್ರೂ ಹೇಳ್ಲಿಲ್ಲ, ಜಾಗದ ಕಾರಣ ಇರಬಹುದಾ ಅಂತ ಕೇಳಿದ್ರೂ ಹೆಚ್ಚುಕಡಿಮೆ ಯಾರೂ ಒಪ್ಲಿಲ್ಲ. ಯಾರೂ ಸುಳ್ಳು ಹೇಳ್ತಿರ್ಲಿಲ್ಲ ಅನ್ನೋದನ್ನ ಗಮನಿಸಿ. ನಾವು ಏನೋ ಮಾಡ್ತೀವಿ, ಆಮೇಲೆ ಅದಕ್ಕೆ ಒಪ್ಪೋ ಥರ ಒಂದು ಕಾರಣ ಹೊಂದಿಸ್ಕೋತೀವಿ, ನಾವೇ ನಂಬ್ತೀವಿ.

ಅದಕ್ಕೆ ನನ್ನ ಅಭಿಪ್ರಾಯ ಏನಂದ್ರೆ ತನ್ನನ್ನ ತಾನು ತಿಳ್ಕೊಳ್ಳೋದು ಅಂದ್ರೆ ಧ್ಯಾನ ಮಾಡೋದಲ್ಲ, ಲೆಕ್ಕ ಬರೆಯೋದು. ನೀವಂತೂ ಲೆಕ್ಕದವ್ರು, ಇನ್ನೂ ಸುಲಭ. ಒಂದು ಸಂಸ್ಥೆ ಬಗ್ಗೆ ತಿಳ್ಕೋಬೇಕಾದ್ರೆ ಅವ್ರ ಧ್ಯೇಯವಾಕ್ಯ ಓದ್ತೀರೋ ಖರ್ಚಿನ ಪುಸ್ತಕ ನೋಡ್ತೀರೋ? ನಿಮ್ಮ ದಿನಕ್ಕೂ ಅದೇ. ಮ್ಯಾನೇಜ್‌ಮೆಂಟ್ ಬಗ್ಗೆ ಬರೀತಿದ್ದ ಪೀಟರ್ ಡ್ರಕರ್ 1967ರಲ್ಲೇ ಹೇಳಿದ್ದು ಇದನ್ನೇ, ಪ್ಲ್ಯಾನ್‌ನಿಂದ ಶುರು ಮಾಡ್ಬೇಡಿ, ನಿಮ್ಮ ಸಮಯ ನಿಜವಾಗಿ ಎಲ್ಲಿ ಹೋಗ್ತಿದೆ ಅಂತ ಕಂಡ್ಕೊಳ್ಳೋದ್ರಿಂದ ಶುರು ಮಾಡಿ ಅಂತ. ಅದೂ ನೆನಪಿನಿಂದ ಅಲ್ಲ, ಆಗಿಂದಾಗ್ಗೆ ಬರೆದು. ನೆನಪಿನಿಂದ ಬರೆದ್ರೆ ಮತ್ತೆ ಕಾಲುಚೀಲದ ಕತೆ ಆಗುತ್ತೆ.

ಹೇಗೆ ಬರೀಬೇಕು ಅಂದ್ರೆ, ಒಂದು ವಾರ ಯಾವ ಟೈಮ್ ಟೇಬಲ್ಲೂ ಹಾಕ್ಬೇಡಿ, ಇದ್ದ ಹಾಗೇ ಇರಿ. ಜೇಬಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಕೊಳ್ಳಿ, ಒಂದು ಕೆಲ್ಸ ಬಿಟ್ಟು ಇನ್ನೊಂದಕ್ಕೆ ಹೋದಾಗೆಲ್ಲ ಒಂದು ಸಾಲು. ಹೀಗಿದ್ರೆ ಸಾಕು:

6:40 ಮನೆಗೆ ಬಂದೆ. ಫೋನ್ ಹಿಡಿದು ಕೂತೆ. ಸುಸ್ತು.
7:25 ಎದ್ದೆ. ಕೋರ್ಸ್ ತೆಗೆದೆ. ತಲೆ ಓಡ್ಲಿಲ್ಲ.
7:40 ಫೋನ್ ಬಂತು, ಬಿಟ್ಟೆ.

ಸಮಯ, ಏನು ಮಾಡಿದ್ದು, ತಲೆ ಹೇಗಿತ್ತು, ಯಾಕೆ ನಿಂತಿತು, ಇಷ್ಟೇ. ಒಳ್ಳೇದು ಕೆಟ್ಟದ್ದು ಅಂತ ಷರಾ ಬರೀಬೇಡಿ. ಬರೀತಿದೀನಿ ಅನ್ನೋ ಕಾರಣಕ್ಕೇ ಮೊದಲೆರಡು ದಿನ ನೀವು ಸ್ವಲ್ಪ ಒಳ್ಳೇ ಮಗು ಆಗಿರ್ತೀರಿ, ಅದು ಸಹಜ, ಆಮೇಲೆ ನಿಜವಾದ ನೀವು ವಾಪಸ್ ಬರ್ತೀರಿ. ವಾರ ಮುಗಿದ್ಮೇಲೆ ಇಲ್ಲಿ ಬಂದು ಹೇಳಿ, ಆಮೇಲೆ ಗುರಿ ಮಾತಾಡೋಣ.

ನಿಶಾಚರಿ:

ಐದು ಗಂಟೆ ಗ್ಯಾಂಗ್‌ನವ್ರಿಗೆ ಒಂದು ಮಾತು. 21 ದಿನ ಅನ್ನೋದು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದಿದ್ದು, ಆಪರೇಶನ್ ಆದವ್ರಿಗೆ ತಮ್ಮ ಹೊಸ ಮುಖ ಅಭ್ಯಾಸ ಆಗೋಕೆ ಕಡಿಮೆ ಅಂದ್ರೂ ಸುಮಾರು 21 ದಿನ ಬೇಕು ಅಂತ. ಆ "ಕಡಿಮೆ ಅಂದ್ರೂ" ದಾರೀಲಿ ಎಲ್ಲೋ ಬಿದ್ದೋಯ್ತು, ಮುಖಾನೂ ಹೋಗಿ ಅಲ್ಲಿ ಜಾಗಿಂಗ್ ಬಂತು.

ನಿಜವಾಗಿ ಅಳೆದು ನೋಡಿದವ್ರು ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತೆ ಅವ್ರ ಜೊತೆಯವ್ರು, ಅದು ಪ್ರಕಟ ಆಗಿದ್ದು 2010ರಲ್ಲಿ. 96 ಜನ, ಪ್ರತಿಯೊಬ್ರೂ ಒಂದು ಸಣ್ಣ ಹೊಸ ಅಭ್ಯಾಸ ಆರಿಸ್ಕೊಂಡು 12 ವಾರ ಮಾಡಿದ್ರು. ಯೋಚ್ನೆ ಇಲ್ದೆ ತಾನಾಗೇ ಆಗೋ ಮಟ್ಟ ಮುಟ್ಟೋಕೆ ಸುಮಾರು 66 ದಿನ, ಅದೂ ಒಬ್ರಿಗೆ 18 ದಿನ ಆದ್ರೆ ಇನ್ನೊಬ್ರಿಗೆ 254 ದಿನ ಬೇಕಾಗ್ಬಹುದು ಅಂತ ಆ 12 ವಾರದ ಅಂಕಿಗಳಿಂದ ಅಂದಾಜು ಲೆಕ್ಕ ಬಂತು. ನೀರು ಕುಡಿಯೋ ಥರದ್ದು ಬೇಗ ಕೂರುತ್ತೆ, ವ್ಯಾಯಾಮ ನಿಧಾನ. ಕೇಳಿದವ್ರಿಗೆ ಮುಖ್ಯವಾದ ವಿಷ್ಯ ಇಲ್ಲಿದೆ: ಮಧ್ಯ ಒಂದಿನ ತಪ್ಪಿದ್ರೆ ಅಭ್ಯಾಸ ಕಟ್ಟೋದಕ್ಕೆ ಹೇಳ್ಕೊಳ್ಳೋ ಅಂಥ ಪೆಟ್ಟೇನೂ ಬೀಳ್ಲಿಲ್ಲ. ಅಂದ್ರೆ ಆಫೀಸಲ್ಲಿ ತಡ ಆದ ದಿನ ನಿಮ್ಮ ಅಭ್ಯಾಸ ಕೆಡ್ಲಿಲ್ಲ, ಮಾರನೇ ದಿನ ಖಾಲಿ ಖಾನೆ ನೋಡಿ ಬೇಜಾರಾಗಿ ಬಿಟ್ರಲ್ಲ, ಅವಾಗ ಕೆಟ್ಟಿದ್ದು.

ಇನ್ನು ಐದು ಗಂಟೆ. ಬೆಳಗಿನ ಜನ, ರಾತ್ರಿ ಜನ ಅನ್ನೋದು ಬರೀ ಸೋಮಾರಿತನದ ನೆಪ ಅಲ್ಲ, ಅದನ್ನ ಅಳೆಯೋಕೆ 1976ರಲ್ಲೇ ಹಾರ್ನ್ ಮತ್ತೆ ಆಸ್ಟ್‌ಬರ್ಗ್ 19 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು, ಈಗ್ಲೂ ಬಳಸ್ತಾರೆ. ಒಂದಷ್ಟು ಹುಟ್ಟಿನಿಂದ ಬರುತ್ತೆ, ವಯಸ್ಸಿನ ಜೊತೆ ಬದಲಾಗುತ್ತೆ, ಹದಿಹರೆಯದವ್ರು ತಡವಾಗಿ ಮಲಗೋ ಕಡೆ ವಾಲೋದು, ವಯಸ್ಸಾದವ್ರು ಬೇಗ ಏಳೋದು ಎಲ್ಲಾ ದೇಹದ ಗಡಿಯಾರದ ಕೆಲ್ಸ. ನನ್ನನ್ನ ಐದಕ್ಕೆ ಎಬ್ಬಿಸಿದ್ರೆ ಎಂಟರವರೆಗೆ ಗೋಡೆ ನೋಡ್ತಾ ಕೂತಿರ್ತೀನಿ, ಅದೇ ರಾತ್ರಿ ಹತ್ತಕ್ಕೆ ಕೊಟ್ಟ ಕೆಲ್ಸ ಗಂಟೇಲಿ ಮುಗೀತದೆ.

ಐದುಗಂಟೆಅಲಾರಂ:

ಅಕ್ಕ, ನಾನು ನನಗೆ ಆಗಿದ್ದನ್ನ ಹೇಳ್ದೆ ಅಷ್ಟೇ, ಕಾನೂನು ಮಾಡ್ಲಿಲ್ಲ. ಯೇಲ್ ಕತೆ ಸುಳ್ಳಾದ್ರೆ ಸುಳ್ಳು, ಕನ್ನಡಿ ಪಕ್ಕದ ಚೀಟಿ ಅಲ್ಲೇ ಇರುತ್ತೆ. ಆದ್ರೆ ಒಂದು ಹೇಳ್ತೀನಿ, ಐದಕ್ಕೆ ಏಳೋದ್ರಲ್ಲಿ ಮಜಾ ಇರೋದು ಐದರಲ್ಲಲ್ಲ. ಆ ಹೊತ್ತಲ್ಲಿ ನನಗೆ ಯಾರೂ ಫೋನ್ ಮಾಡಲ್ಲ, ಯಾರೂ ಬಾಗಿಲು ತಟ್ಟಲ್ಲ, ಆಫೀಸ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಕೂಡ ಬಂದಿರಲ್ಲ. ಆ ಎರಡು ಗಂಟೆ ನಂದು ಮಾತ್ರ. ನಿಮಗೆ ಅದು ರಾತ್ರಿ ಹತ್ತಕ್ಕೆ ಸಿಕ್ಕಿದ್ರೆ ಒಂದೇ ಅಲ್ವಾ, ಜಗಳ ಯಾಕೆ?

ನಿಶಾಚರಿ:

ಇದನ್ನ ಮೊದ್ಲೇ ಹೇಳಿದ್ರೆ ನಾನು ಅಷ್ಟುದ್ದ ಬರೀತಿರ್ಲಿಲ್ಲ ಮಾರಾಯ್ರೆ. ಒಪ್ಪಿದೆ.

ಅರ್ಧಓದಿದಪುಟ:

ವಾರ ಆಯ್ತು, ಬರೆದೆ. ಹಳೇಗಡಿಯಾರ ಸರ್ ಹೇಳಿದ ಹಾಗೆ ಮೊದಲೆರಡು ದಿನ ಪುಸ್ತಕಕ್ಕೆ ಹೆದರಿ ಫೋನ್ ಮುಟ್ಟಿರ್ಲಿಲ್ಲ, ಬುಧವಾರದಿಂದ ಎಲ್ಲಾ ಮಾಮೂಲಿ.

ಕಂಡಿದ್ದು ಹೇಳ್ತೀನಿ. ನನ್ನ ಟೈಮ್ ಟೇಬಲಲ್ಲಿ ಯಾವಾಗ್ಲೂ ಕೋರ್ಸ್ ಇಡ್ತಿದ್ದಿದ್ದು ಸಂಜೆ ಆರೂವರೆಗೆ, ಯಾಕಂದ್ರೆ ಮನೆಗೆ ಬಂದ ಕೂಡ್ಲೇ ಮಾಡಿ ಮುಗಿಸಿದ್ರೆ ಆರಾಮ ಅಂತ. ಪುಸ್ತಕದಲ್ಲಿ ನೋಡಿದ್ರೆ ಆರೂವರೆಯಿಂದ ಏಳೂವರೆ ಪ್ರತಿದಿನ ಒಂದೇ ಮಾತು ಬರೆದಿದೀನಿ: ಸುಸ್ತು, ಸುಸ್ತು, ತಲೆ ಓಡ್ತಿಲ್ಲ, ಸುಸ್ತು. ಅದೇ ಊಟ ಆದ್ಮೇಲೆ ಒಂಬತ್ತರ ಹೊತ್ತಿಗೆ "ತಲೆ ಚೆನ್ನಾಗಿದೆ" ಅಂತ ಬರೆದು ಏನು ಮಾಡಿದೀನಿ ಅಂದ್ರೆ ಯಾರದೋ ಕ್ರಿಕೆಟ್ ಚರ್ಚೆ ಕೇಳಿದೀನಿ. ಅಂದ್ರೆ ಚೆನ್ನಾಗಿರೋ ತಲೆ ಕ್ರಿಕೆಟ್‌ಗೆ, ಸತ್ತಿರೋ ತಲೆ ಕೋರ್ಸ್‌ಗೆ.

ಎರಡನೇದು, ಕೋರ್ಸಿನ ಒಂದು ಪಾಠ ಅಂದ್ರೆ ವಿಡಿಯೋ ನಲವತ್ತು ನಿಮಿಷ, ನಾನೂ ನಲವತ್ತೇ ಇಟ್ಟಿರ್ತಿದ್ದೆ. ಅಭ್ಯಾಸದ ಲೆಕ್ಕ ಮಾಡಿ, ಎಲ್ಲೋ ಒಂದು ಫಾರ್ಮುಲಾ ತಪ್ಪಿ, ಹುಡುಕಿ, ಸರಿ ಮಾಡೋ ಹೊತ್ತಿಗೆ ಅದ್ರ ಎರಡರಷ್ಟು ಹಿಡಿಯುತ್ತೆ. ಹಾಗಾಗಿ ಮೊದಲ ದಿನದಿಂದ್ಲೇ ಹಿಂದೆ ಬೀಳ್ತಿದ್ದೆ, ಹಿಂದೆ ಬಿದ್ದೆ ಅಂತ ಬೇಜಾರು ಬೇರೆ.

ಮೂರನೇದು ಸ್ವಲ್ಪ ಮುಜುಗರದ್ದು. ವಾರ ಪೂರ್ತಿ ಕತೆ ಬರೆಯೋದು ಒಂದ್ಸಲಾನೂ ನೆನಪಿಗೇ ಬಂದಿಲ್ಲ. ಬರೀಲಿಲ್ಲ ಅಂತ ಬೇಸರಾನೂ ಆಗಿಲ್ಲ. ಓಡ್ಲಿಲ್ಲ ಅಂತ ಮಾತ್ರ ಎರಡು ಕಡೆ ಸಿಟ್ಟಲ್ಲಿ ಬರೆದಿದೀನಿ. ಇದಕ್ಕೆ ಏನರ್ಥ? ಕತೆ ಬಿಟ್ಬಿಡ್ಲಾ?

ಮನೆತುಂಬಾಮಕ್ಕಳು:

ಮಧ್ಯ ಬಾಯಿ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಐದಕ್ಕೋ ಹತ್ತಕ್ಕೋ ಅಂತ ಮಾತಾಡ್ತಿದೀರ, ಆ ಗಂಟೆಗಳು ನಿಮ್ಮ ಕೈಯಲ್ಲಿವೆ ಅನ್ನೋ ಧೈರ್ಯ ನೋಡಿ ನಗು ಬಂತು. ನನ್ನ ಮನೇಲಿ ಇಬ್ರು ಚಿಕ್ಕ ಮಕ್ಕಳು, ಹಾಸಿಗೆ ಹಿಡಿದಿರೋ ಅತ್ತೆ. ನನಗೆ ಗಂಟೆ ಅನ್ನೋದೇ ಇಲ್ಲ. ಒಂಬತ್ತು ಗಂಟೆ ಅಂತ ಇಟ್ರೆ ಒಂಬತ್ತಕ್ಕೆ ಸರಿಯಾಗಿ ಯಾರೋ ಒಬ್ರು ವಾಂತಿ ಮಾಡ್ಕೋತಾರೆ.

ಹಾಗಂತ ನನಗೇನೂ ಗುರಿ ಇಲ್ವಾ? ಡಿಗ್ರಿ ಅರ್ಧಕ್ಕೆ ನಿಂತಿತ್ತು, ಈಗ ದೂರಶಿಕ್ಷಣದಲ್ಲಿ ಓದ್ತಿದೀನಿ, ಕೊನೇ ವರ್ಷ. ನಾನು ಮಾಡೋದು ಏನಂದ್ರೆ ಕೆಲ್ಸವನ್ನ ಗಡಿಯಾರಕ್ಕೆ ಕಟ್ಟಲ್ಲ, ಇನ್ನೊಂದು ಕೆಲ್ಸಕ್ಕೆ ಕಟ್ತೀನಿ. "ಚಿಕ್ಕವನು ಮಲಗಿದ ಕೂಡ್ಲೇ, ಅವನ ಮಂಚದ ಪಕ್ಕದಲ್ಲೇ ಕೂತು, ಗುರುತು ಹಾಕಿರೋ ಪುಟದಿಂದ ಓದ್ತೀನಿ." ಅವನು ಎರಡಕ್ಕೆ ಮಲಗ್ಲಿ ನಾಲ್ಕಕ್ಕೆ ಮಲಗ್ಲಿ, ಅದು ಅಲ್ಲಿರುತ್ತೆ. ಪುಸ್ತಕ ಆ ಮಂಚದ ಕೆಳಗೇ ಇರೋದು, ಪೆನ್ಸಿಲ್ ಅದ್ರೊಳಗೇ. ಬೇರೆ ರೂಮಿಗೆ ಹೋಗಿ ತರಬೇಕು ಅಂದ್ರೆ ದಾರೀಲಿ ಇನ್ನೇನೋ ಕೆಲ್ಸ ಕಣ್ಣಿಗೆ ಬೀಳುತ್ತೆ, ಅಲ್ಲಿಗೆ ಮುಗೀತು.

ಇದನ್ನ ನಾನೇ ಕಂಡುಹಿಡಿದೆ ಅಂದ್ಕೊಂಡಿದ್ದೆ, ಆಮೇಲೆ ನಮ್ಮ ಮನಃಶಾಸ್ತ್ರದ ಪಾಠದಲ್ಲೇ ಸಿಕ್ತು. ಪೀಟರ್ ಗೋಲ್‌ವಿಟ್ಜರ್ ಅನ್ನೋರು 1990ರ ದಶಕದಿಂದ ಇದ್ರ ಮೇಲೆ ಕೆಲ್ಸ ಮಾಡಿದಾರೆ. "ನಾನು ಓದ್ಬೇಕು" ಅನ್ನೋದು ಬರೀ ಆಸೆ, "ಇಂಥದ್ದಾದ್ರೆ ಇಂಥದ್ದು ಮಾಡ್ತೀನಿ" ಅಂತ ಮೊದ್ಲೇ ಗಂಟು ಹಾಕಿಟ್ಟಿದ್ರೆ ಆ ಹೊತ್ತು ಬಂದಾಗ ಮನಸು ಮತ್ತೆ ಚರ್ಚೆಗೆ ಕೂರಲ್ಲ. 2006ರಲ್ಲಿ ಅವರು ಮತ್ತೆ ಶೀರನ್ ಅನ್ನೋರು ಸೇರಿ 94 ಪ್ರಯೋಗ ಒಟ್ಟು ಹಾಕಿ ನೋಡಿದಾಗ ಇದ್ರ ಪರಿಣಾಮ ಚೆನ್ನಾಗೇ ಕಾಣ್ತು.

ಇನ್ನೊಂದು, ಪ್ರತೀ ಕೆಲ್ಸಕ್ಕೂ ನನ್ನ ಹತ್ರ ಎರಡು ಅಳತೆ ಇದೆ. ಒಳ್ಳೇ ದಿನಕ್ಕೆ ಒಂದು ಅಧ್ಯಾಯ, ಹಾಳಾದ ದಿನಕ್ಕೆ ಒಂದು ಪ್ಯಾರಾ. ಹಾಳಾದ ದಿನದ್ದನ್ನೂ ಮಾಡಿದೆ ಅಂತಾನೇ ಬರೀತೀನಿ, ಅರ್ಧ ಅಂತಲ್ಲ. ಅರ್ಧಓದಿದಪುಟ ತಮ್ಮ, ನಿಮ್ಮ ಟೈಮ್ ಟೇಬಲಲ್ಲಿ ಹಾಳಾದ ದಿನ ಅನ್ನೋದಕ್ಕೆ ಜಾಗಾನೇ ಇಲ್ಲ, ಅದಕ್ಕೇ ಒಂದಿನ ಕೆಟ್ರೆ ಎಲ್ಲಾ ಕೆಡ್ತಿರೋದು.

ಹಳೇಗಡಿಯಾರ:

ಮೇಡಂ, ನಿಮ್ಮ ಉತ್ತರ ನನ್ನದಕ್ಕಿಂತ ಮೇಲೆ ಇರ್ಬೇಕಿತ್ತು. ನಾನು ಹೇಳಿದ ಲೆಕ್ಕದ ಪುಸ್ತಕ ನಿಮ್ಮಂಥವರ ಮನೇಲಿ ಬರೆಯೋದೇ ಕಷ್ಟ, ಒಪ್ತೀನಿ. ಆದ್ರೆ "ದಾರೀಲಿ ಇನ್ನೇನೋ ಕಣ್ಣಿಗೆ ಬೀಳುತ್ತೆ" ಅಂತ ನಿಮ್ಮ ಬಗ್ಗೆ ನೀವು ಕಂಡ್ಕೊಂಡಿದೀರಲ್ಲ, ನಾನು ಕೇಳಿದ್ದು ಅಂಥದ್ದನ್ನೇ. ಮೌಲ್ಯಗಳ ಪಟ್ಟಿಗಿಂತ ಆ ಒಂದು ಸಾಲಿಗೆ ಬೆಲೆ ಜಾಸ್ತಿ.

ಅರ್ಧಓದಿದಪುಟ ಅವ್ರಿಗೆ ಈಗ ಒಂದೊಂದಾಗಿ.

ಪಾಠ ಎರಡರಷ್ಟು ಹಿಡಿಯುತ್ತೆ ಅಂದ್ರಲ್ಲ, ಇದು ನಿಮ್ಮೊಬ್ಬರ ರೋಗ ಅಲ್ಲ. ಕಾನೆಮನ್ ಮತ್ತೆ ಟ್ವೆರ್ಸ್ಕಿ ಅನ್ನೋ ಮನಃಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ "ಪ್ಲ್ಯಾನಿಂಗ್ ಫ್ಯಾಲಸಿ", ಅಂದ್ರೆ ಬೇಕಾದ ಸಮಯವನ್ನ ಕಡಿಮೆ ಅಂದಾಜು ಮಾಡೋ ತಪ್ಪು, ಅಂತ ಹೆಸರಿಟ್ಟಿದಾರೆ. 1994ರಲ್ಲಿ ಬ್ಯೂಲರ್ ಮತ್ತೆ ಜೊತೆಯವ್ರು ಪದವಿಯ ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಎಷ್ಟು ದಿನ ಬೇಕು ಅಂತ ಕೇಳಿದ್ರು. ಸರಾಸರಿ 34 ದಿನ ಅಂದ್ರು. ಎಲ್ಲಾ ಎಡವಟ್ಟಾದ್ರೆ ಅಂತ ಕೇಳಿದ್ದಕ್ಕೆ ಸುಮಾರು 49 ದಿನ ಅಂದ್ರು. ನಿಜವಾಗಿ ಹಿಡಿದಿದ್ದು 55ರ ಮೇಲೆ. ಅಂದ್ರೆ ಅವ್ರ ಅತಿ ಕೆಟ್ಟ ಅಂದಾಜಿಗಿಂತ ನಿಜ ಇನ್ನೂ ಕೆಟ್ಟದಾಗಿತ್ತು. ಇದಕ್ಕೆ ಮದ್ದು ಇನ್ನೂ ಗಟ್ಟಿಯಾಗಿ ಯೋಚ್ನೆ ಮಾಡೋದಲ್ಲ, ಹಿಂದಿನ ಸಲ ಎಷ್ಟು ಹಿಡೀತು ಅಂತ ಪುಸ್ತಕ ತೆಗೆದು ನೋಡೋದು. ನಿಮ್ಮ ಹತ್ರ ಈಗ ಅದಿದೆ. ಪಾಠಕ್ಕೆ ನಲವತ್ತಲ್ಲ, ಎಂಬತ್ತು ನಿಮಿಷ. ಕಡಿಮೇಲಿ ಮುಗಿದ್ರೆ ಕ್ರಿಕೆಟ್ ಕೇಳಿ, ಯಾರೂ ಬೇಡ ಅನ್ನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನೀವು ಇಷ್ಟು ದಿನ ಹಾಸಿಗೆ ಅಳೀದೇ ಚಾಚ್ತಿದ್ರಿ.

ಕತೆ ವಿಷ್ಯ. ಒಂದು ವಾರದ ಲೆಕ್ಕ ನೋಡಿ ಜೀವನದ ನಿರ್ಧಾರ ತಗೋಬೇಡಿ, ಆದ್ರೆ ಅದನ್ನ ಕಡೆಗಣಿಸ್ಲೂಬೇಡಿ. ನಾನು ಕೇಳೋ ಪ್ರಶ್ನೆ ಒಂದೇ, ನೀವು ಕತೆ ಬರೆದಿದ್ದು ಯಾರಿಗೂ ಯಾವತ್ತೂ ಗೊತ್ತಾಗಲ್ಲ ಅಂದ್ರೂ ಬರೀತೀರಾ? ಓಟದ ಬಗ್ಗೆ ಅದೇ ಪ್ರಶ್ನೆ ಹಾಕ್ಕೊಳ್ಳಿ. ಯಾರೂ ನೋಡ್ದೇ ಇದ್ರೂ ಮಾಡ್ಬೇಕು ಅನ್ಸೋದು ನಿಮ್ದು, ಬರೀ "ನಾನು ಬರೀತೀನಿ" ಅಂತ ಹೇಳ್ಕೊಳ್ಳೋ ಆಸೆ ಆಗಿದ್ರೆ ಅದನ್ನ ಈ ವರ್ಷದ ಪಟ್ಟಿಯಿಂದ ತೆಗೆದು ಬೇರೆ ಹಾಳೇಲಿ ಬರೆದಿಡಿ, ಸತ್ತಿಲ್ಲ, ಕಾಯ್ತಿದೆ ಅಷ್ಟೇ. ಸುಮ್ನೆ ಪಟ್ಟೀಲಿ ಕೂತು ದಿನಾ ಮಾಡ್ಲಿಲ್ಲ ಮಾಡ್ಲಿಲ್ಲ ಅಂತ ಚುಚ್ಚೋ ಗುರಿ ಬೇರೆ ಎರಡರ ಉಸಿರೂ ಕಟ್ಟುತ್ತೆ.

ಕೋರ್ಸ್ ಮತ್ತೆ ಓಟಕ್ಕೆ ಬೇರೆ ಬೇರೆ ಥರ ಗುರಿ ಇಡಿ. ಎಡ್ವಿನ್ ಲಾಕ್ ಮತ್ತೆ ಗ್ಯಾರಿ ಲೇಥಮ್ ಅನ್ನೋರು ದಶಕಗಳ ಕಾಲ ಗುರಿಗಳ ಮೇಲೇ ಸಂಶೋಧನೆ ಮಾಡಿದಾರೆ, ಅವ್ರು ಕಂಡಿದ್ದು "ಆದಷ್ಟು ಮಾಡ್ತೀನಿ" ಅನ್ನೋದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಇಟ್ಕೊಂಡವ್ರು ಜಾಸ್ತಿ ಮಾಡ್ತಾರೆ ಅಂತ. ಇದು ಎಲ್ಲರಿಗೂ ಗೊತ್ತು. ಜನ ಮರೆಯೋ ಭಾಗ ಏನಂದ್ರೆ, ಕೆಲ್ಸ ಹೊಸದು ಮತ್ತೆ ಜಟಿಲ ಆಗಿದ್ದಾಗ ಫಲಿತಾಂಶದ ಗುರಿ ತಲೆ ಮೇಲೆ ಕೂತು ಕಲಿಯೋಕೇ ಬಿಡಲ್ಲ, ಅಲ್ಲಿ ಕಲಿಕೆಯ ಗುರಿ ಇಡೋದು ಒಳ್ಳೇದು ಅಂತಾನೂ ಅವ್ರೇ ಹೇಳಿದಾರೆ. ಓಟ ನಿಮಗೆ ಹಳೇದು, ಹಾಗಾಗಿ ವಾರಕ್ಕೆ ಇಂತಿಷ್ಟು ಸಲ, ಇಂತಿಷ್ಟು ದೂರ ಅಂತ ಇಡಿ. ಕೋರ್ಸ್ ಹೊಸದು, ಅಲ್ಲಿ ಇಷ್ಟು ಅಂಕ ತೆಗೀತೀನಿ ಅನ್ಬೇಡಿ, ಈ ವಾರ ಈ ಒಂದು ಥರದ ಲೆಕ್ಕವನ್ನ ಉತ್ತರ ನೋಡ್ದೆ ಮಾಡೋಕೆ ಬರ್ಬೇಕು ಅಂತ ಇಡಿ.

ಸುಮ್ನೆಓದುಗ:

ಇಷ್ಟು ದಿನ ಬರೀ ಓದ್ತಿದ್ದೆ, ಇದಕ್ಕೆ ಬರೀಬೇಕು ಅನ್ನಿಸ್ತು. ಬೆಂಜಮಿನ್ ಫ್ರಾಂಕ್ಲಿನ್ ಗೊತ್ತಲ್ಲ, ದಿನಚರಿ ಅಂದ್ರೆ ಎಲ್ಲರೂ ಅವನ ಹೆಸರೇ ಎತ್ತೋದು. ಅವನು ತನ್ನ ಆತ್ಮಕತೇಲಿ ಬರೆದಿದಾನೆ, 13 ಸದ್ಗುಣಗಳ ಪಟ್ಟಿ ಮಾಡಿ, ಒಂದು ಚಿಕ್ಕ ಪುಸ್ತಕದಲ್ಲಿ ಗೆರೆ ಹಾಕಿ, ತಪ್ಪಿದ ದಿನಗಳಿಗೆ ಚುಕ್ಕೆ ಇಡ್ತಿದ್ದ. ಗಮನಿಸ್ಬೇಕಾದ್ದು, ಹದಿಮೂರನ್ನೂ ಒಟ್ಟಿಗೆ ಹಿಡೀಲಿಲ್ಲ, ವಾರಕ್ಕೆ ಒಂದರ ಮೇಲೆ ಮಾತ್ರ ಗಮನ, ಹಾಗಾಗಿ 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಆ ಪಟ್ಟೀಲಿ ಒಂದು "ಶಿಸ್ತು", ಅಂದ್ರೆ ಪ್ರತೀ ವಸ್ತುಗೂ ಜಾಗ, ಪ್ರತೀ ಕೆಲ್ಸಕ್ಕೂ ಸಮಯ. ಅದೇ ತನಗೆ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು, ಬೇರೆಯವ್ರ ಕೆಲ್ಸ, ಭೇಟಿಗೆ ಬರೋರು ಇವ್ರ ಮಧ್ಯೆ ತನ್ನ ಟೈಮ್ ಟೇಬಲ್ ನಡೆಸೋಕಾಗ್ತಿರ್ಲಿಲ್ಲ ಅಂತ ಅವನೇ ಬರೆದಿದಾನೆ. ಅವನ ಟೈಮ್ ಟೇಬಲಿನ ಫೋಟೋ ಹಂಚೋರು ಈ ಪುಟ ಯಾಕೋ ಹಂಚಲ್ಲ 😄

ಇನ್ನೊಂದು ಚಿಕ್ಕ ವಿಷ್ಯ. ನಾಳೆಯದನ್ನ ಯಾವಾಗ ಬರೀಬೇಕು ಅನ್ನೋದಕ್ಕೆ, ರಾತ್ರಿ ಮಲಗೋ ಮುಂಚೆ ಬರೆಯೋದು ನನಗೆ ಸರಿ ಹೋಗಿದೆ. 2018ರಲ್ಲಿ ಅಮೆರಿಕದ ಬೇಲರ್ ಯೂನಿವರ್ಸಿಟೀಲಿ 57 ಜನರ ಮೇಲೆ ಒಂದು ಅಧ್ಯಯನ ಆಗಿತ್ತು, ಮಲಗೋ ಮುಂಚೆ ಐದು ನಿಮಿಷ ಮುಂದೆ ಮಾಡ್ಬೇಕಾದ ಕೆಲ್ಸಗಳ ಪಟ್ಟಿ ಬರೆದವ್ರು, ಮುಗಿದ ಕೆಲ್ಸಗಳ ಬಗ್ಗೆ ಬರೆದವ್ರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಗೆ ಹೋದ್ರು. ಚಿಕ್ಕ ಅಧ್ಯಯನ, ತಲೆ ಮೇಲೆ ಹೊತ್ಕೊಂಡು ಕುಣಿಯೋ ಅಷ್ಟಿಲ್ಲ, ಆದ್ರೆ ಪಟ್ಟಿ ಎಷ್ಟು ವಿವರವಾಗಿದ್ರೆ ನಿದ್ದೆ ಅಷ್ಟು ಬೇಗ ಬಂದಿದ್ದು ನನಗೆ ಇಷ್ಟ ಆಯ್ತು.

ಅರ್ಧಓದಿದಪುಟ:

ಎಲ್ಲರಿಗೂ ಥ್ಯಾಂಕ್ಸ್, ನಿಜವಾಗ್ಲೂ. ಬಣ್ಣದ ಟೈಮ್ ಟೇಬಲ್ ತೆಗೆದಿಟ್ಟೆ. ಕತೆ ಬೇರೆ ಹಾಳೆಗೆ ಹೋಯ್ತು. ಸರ್ ಕೇಳಿದ ಪ್ರಶ್ನೆಗೆ ಉತ್ತರ ತಕ್ಷಣ ಗೊತ್ತಾಯ್ತು, ಇಲ್ಲಿ ಬರೆಯಲ್ಲ.

ಈಗ ಇರೋದು ಇಷ್ಟೇ. ಊಟ ಆಗಿ ತಟ್ಟೆ ತೊಳೆದಿಟ್ಟ ಕೂಡ್ಲೇ ಲ್ಯಾಪ್‌ಟಾಪ್ ತೆಗೆದು ಕೋರ್ಸ್, ಎಂಬತ್ತು ನಿಮಿಷ. ಹಾಳಾದ ದಿನ ಆದ್ರೆ ಒಂದೇ ಒಂದು ಲೆಕ್ಕ. ಮನೆಗೆ ಬಂದ ಆ ಸತ್ತ ಗಂಟೇಲಿ ಓಟ ಇಟ್ಟಿದೀನಿ, ಓಡೋಕೆ ತಲೆ ಏನೂ ಬೇಡ ಅಲ್ವಾ, ಆಫೀಸ್ ಬ್ಯಾಗ್ ಇಟ್ಟ ಜಾಗದಲ್ಲೇ ಶೂ ಇರುತ್ತೆ. ಅದ್ರ ಹಾಳಾದ ದಿನದ ಅಳತೆ, ಶೂ ಹಾಕ್ಕೊಂಡು ರಸ್ತೆ ಕೊನೇವರೆಗೆ ನಡೆದು ಬರೋದು.

ಒಂದು ಗೊಂದಲ ಮಾತ್ರ ಉಳಿದಿದೆ, ತಿಂಗಳ ಕೊನೆ. ಆ ನಾಲ್ಕೈದು ದಿನ ಹಾಳಾದ ದಿನದ ಅಳತೆ ಕೂಡ ಆಗಲ್ಲ, ಮನೆಗೆ ಬರೋದೇ ಮಧ್ಯರಾತ್ರಿ.

ಮನೆತುಂಬಾಮಕ್ಕಳು:

ಗೊತ್ತಿರೋ ಹಾಳಾದ ದಿನ ಹಾಳಾದ ದಿನಾನೇ ಅಲ್ಲ ತಮ್ಮ, ಅದು ರಜೆ. ಈಗ್ಲೇ ಕ್ಯಾಲೆಂಡರಲ್ಲಿ ಆ ದಿನಗಳ ಮೇಲೆ "ಇಲ್ಲ" ಅಂತ ಬರೆದ್ಬಿಡಿ. ಅದ್ರ ಜೊತೆ ಇನ್ನೊಂದು ಸಾಲು, "ಲೆಕ್ಕ ಮುಗಿಸಿ ಕೊಟ್ಟ ಮಾರನೇ ದಿನ ತಟ್ಟೆ ತೊಳೆದ ಕೂಡ್ಲೇ, ಬಿಟ್ಟ ಪಾಠದ ಮೊದಲ ಲೆಕ್ಕ." ವಾಪಸ್ ಬರೋ ಬಾಗಿಲು ಯಾವ್ದು ಅಂತ ಗೊತ್ತಿದ್ರೆ ಬಿಟ್ಟು ಹೋಗೋದಕ್ಕೆ ಭಯ ಇರಲ್ಲ.

ಐದುಗಂಟೆಅಲಾರಂ:

ಆಪ್ ಯಾವ್ದಾದ್ರೂ ಬಳಸ್ತೀರಾ ಯಾರಾದ್ರೂ ಈ ಲೆಕ್ಕ ಬರೆಯೋಕೆ? ನಾನೂ ಒಂದು ವಾರ ಬರೆದು ನೋಡೋಣ ಅಂತ.

ನಿಶಾಚರಿ:

ಪುಸ್ತಕ ಪೆನ್ಸಿಲ್ ಸಾಕು. ಬರೆಯೋಕೆ ಅಂತ ಫೋನ್ ತೆಗೆದ್ರೆ ಬರೆಯೋದೊಂದು ಬಿಟ್ಟು ಎಲ್ಲಾ ಮಾಡಿ ವಾಪಸ್ ಇಡ್ತೀವಿ.

ಹಳೇಗಡಿಯಾರ:

ಅರ್ಧಓದಿದಪುಟ ಅವ್ರೇ, ಕೊನೇದಾಗಿ ಒಂದು ಕೆಲ್ಸ. ಡ್ರಕರ್ ಹೇಳೋ ಇನ್ನೊಂದು ಅಭ್ಯಾಸ ಇದೆ, ಏನಾದ್ರೂ ಮುಖ್ಯವಾದ್ದು ಶುರು ಮಾಡುವಾಗ ಇದ್ರಿಂದ ಏನಾಗುತ್ತೆ ಅಂತ ಅಂದ್ಕೊಂಡಿದೀರೋ ಅದನ್ನ ಬರೆದಿಟ್ಟು, ಒಂಬತ್ತು ಹನ್ನೆರಡು ತಿಂಗಳು ಬಿಟ್ಟು ನಿಜವಾಗಿ ಆಗಿದ್ದರ ಜೊತೆ ಹೋಲಿಸಿ ನೋಡೋದು. ತನ್ನ ಬಲ ಎಲ್ಲಿದೆ ಅಂತ ಕಂಡ್ಕೊಳ್ಳೋಕೆ ಅದೊಂದೇ ದಾರಿ ಅಂತಿದ್ದ ಆತ. ಅಷ್ಟು ದಿನ ಕಾಯೋಕಾಗ್ದಿದ್ರೆ ಕೋರ್ಸಿನ ಮೊದಲ ಭಾಗದಿಂದ ಶುರು ಮಾಡಿ. ಯಾವ ತಾರೀಖಿಗೆ ಮುಗಿಯುತ್ತೆ ಅಂತ ಇವತ್ತೇ ಇಲ್ಲಿ ಬರೀರಿ.

ಅರ್ಧಓದಿದಪುಟ:

ಮುಂದಿನ ತಿಂಗಳು ಹತ್ತನೇ ತಾರೀಖು ಸರ್. ತಿಂಗಳ ಕೊನೇ ದಿನಗಳನ್ನ ಕಳೆದೇ ಹೇಳ್ತಿದೀನಿ.

ಹಳೇಗಡಿಯಾರ:

ಸರಿ, ಬರ್ಕೊಂಡೆ. ನನ್ನ ಅಂದಾಜು ಇಪ್ಪತ್ತು.